ಟಿವಿ ಪರಶು ಆಡಿದ ಮಾತು

ದೊಡವಾಡದಲ್ಲಿ ಪರಶು ಎಂದರೆ ಯಾವ ಪರಶು ಎಂದು ಕೇಳುತ್ತಾರೆ. ಟಿವಿ ಪರಶು ಎಂದರೆ ಮನೆ ಬಾಗಿಲಿನ ತನಕ ಕರೆದುಕೊಂಡು ಹೋಗಿ ಬಿಡುತ್ತಾರೆ. ಐವತ್ತೆರಡು ವರ್ಷದ ಆಸಾಮಿ, ಅಂಗಿಯ ಕಿಸೆಯಲ್ಲಿ ಸದಾ ಒಂದು ಟೆಸ್ಟರು. ಮಾಳಿಗೆಯ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತ, ಕೆಳಗಿನವರಿಗೆ ಬಂತೇನ್ರಿ ಬಂತೇನ್ರಿ ಎಂದು ಕೂಗುತ್ತಿದ್ದ ಕಾಲದಿಂದ ಅವನದು ಅದೇ ಕಸಬು. ಆಂಟೆನಾ ಹೋಗಿ ಕೇಬಲ್ ಬಂತು, ಕೇಬಲ್ ಹೋಗಿ ಡಿಶ್ ಬಂತು, ಈಗ ಡಿಶ್ಶೂ ಹೋಗಿ ವೈಫೈ ಬಂದಿದೆ. ಪರಶು ಮಾತ್ರ ಎಲ್ಲಿಗೂ ಹೋಗಿಲ್ಲ. ಹೊಸದೇನೇ ಬರಲಿ, ಅದನ್ನು ಹೋದ ವರ್ಷವೇ ನೋಡಿ ಬಿಟ್ಟವನ ಹಾಗೆ ಮುಖ ಮಾಡಿಕೊಂಡು ಕೂತು, ಒಂದೊಂದೇ ಬಟನ್ ಒತ್ತುತ್ತ ಕಲಿತುಬಿಡುವುದು ಅವನ ರೀತಿ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಇದಕ್ಕೆ ಕಾರಣವಿತ್ತು. ಅವನ ಅಪ್ಪ ಬಾಳು ಮೇಲಿನ ಓಣಿಯ ಮನೆಗಳ ಮುಂದೆ ಕಟ್ಟೆಯ ಕೆಳಗೆ ನಿಂತು ಮಾತಾಡಿ ಬಂದ ಮನುಷ್ಯ. ಅವನಿಗೆ ಚಹಾ ಕೊಡುವ ಕಪ್ಪು ಬೇರೆಯೇ ಇರುತ್ತಿತ್ತು. ಕುಡಿದ ಮೇಲೆ ತಾನೇ ತೊಳೆದು ಹೊರಗಿನ ಗೂಡಿನಲ್ಲಿ ಬೋರಲು ಹಾಕಿ ಬರಬೇಕು. ಟಿವಿ ಬಂದ ಮೇಲೆ ಆ ಕಟ್ಟಳೆ ಸಡಿಲಾಯಿತು. ಟಿವಿ ಇರುವುದು ಪಡಸಾಲೆಯ ಒಳಗೆ. ರಿಪೇರಿ ಮಾಡುವವನು ಕಟ್ಟೆಯ ಕೆಳಗೆ ನಿಂತು ರಿಪೇರಿ ಮಾಡಲಿಕ್ಕಾಗುತ್ತದೆಯೇ? ಮೊದಲ ಸಲ ಮೇಲಿನ ಓಣಿಯ ಲಗಮಪ್ಪನ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು, ಮನೆಯವರೆಲ್ಲ ಕುಡಿಯುವ ಸ್ಟೀಲ್ ಲೋಟದಲ್ಲೇ ಚಹಾ ಕುಡಿದು ಬಂದ ದಿನ ಪರಶು ಅಪ್ಪನಿಗೆ ಹೇಳಿದ. ಬಾಳು ನಂಬಲಿಲ್ಲ. ಆ ಜನ ಒಳಗೆ ಕರೆದದ್ದು ತನ್ನನ್ನಲ್ಲ, ತನ್ನ ಕೆಲಸವನ್ನು ಎಂಬುದು ಪರಶುಗೂ ಗೊತ್ತಿತ್ತು. ಕೆಲಸ ಬಾರದು ಎಂದ ದಿನ ಮತ್ತೆ ಕಟ್ಟೆ ಇಳಿಯಬೇಕಾದೀತು ಎಂಬ ಅಂಜಿಕೆ ಮೂವತ್ತು ವರ್ಷವಾದರೂ ಅವನನ್ನು ಬಿಟ್ಟಿರಲಿಲ್ಲ.

ಕಳೆದ ದೀಪಾವಳಿಗೆ ಲಗಮಪ್ಪನ ಮನೆಗೆ ಗೋಡೆಯಗಲದ ಟಿವಿ ಬಂತು, ಹಿಂದೆಯೇ ವೈಫೈ ಬಂತು. ಡಿಶ್ ತೆಗೆಸಿದರು. ಲಗಮಪ್ಪನ ಹೆಂಡತಿ ಇಂದ್ರವ್ವನ ಧಾರಾವಾಹಿ ಈಗ ಗಂಡನ ಫೋನಿನಲ್ಲಿ ಮಾತ್ರ ಬರುತ್ತಿತ್ತು. ಅದನ್ನು ದೊಡ್ಡದಾಗಿ ನೋಡಬೇಕು ಎಂದು ಅವಳ ಹಟ. ಟಿವಿಯಲ್ಲೇ ಆ ಆಪ್ ಹಾಕಿ ಚಾಲೂ ಮಾಡುವ ದಾರಿಯಿತ್ತು, ಪರಶುಗೆ ಅದು ಬರುತ್ತಿರಲಿಲ್ಲ. ಫೋನಿನಲ್ಲಿ ಕಾಣುವುದನ್ನು ಇದ್ದಹಾಗೆ ಟಿವಿಗೆ ಹಾಯಿಸುವ ಒಂದು ಬಟನ್ ಗೊತ್ತಿತ್ತು. ಅದನ್ನೇ ಒತ್ತಿದ. ಗೋಡೆಯ ತುಂಬ ಚಿತ್ರ ಮೂಡಿತು, ಲಗಮಪ್ಪ ಬೆನ್ನು ತಟ್ಟಿದ, ಪರಶು ಎದೆ ಸೆಟೆಸಿಕೊಂಡು ಮನೆಗೆ ಬಂದ.

ಆ ಮನೆಯ ಸೊಸೆ ಶೀತಲ್ ರಾಮದುರ್ಗದ ಕಡೆಯ ಸಾಲಹಳ್ಳಿಯವಳು, ಬಿ.ಎಡ್. ಮುಗಿಸಿ ಬಂದವಳು. ದಿನಾ ಸಂಜೆ ಏಳರಿಂದ ಎಂಟರ ತನಕ ತನ್ನ ಕೋಣೆಯಲ್ಲಿ ಫೋನಿನ ಮುಂದೆ ಕೂತು, ಸವದತ್ತಿ, ಬೈಲಹೊಂಗಲದ ಒಂಬತ್ತು ಮಕ್ಕಳಿಗೆ ವಿಡಿಯೊದಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳದು ಎಂದು ಉಳಿದದ್ದು ಆ ಒಂದು ತಾಸು. ಮೂರಡಿ ದಪ್ಪದ ಮಣ್ಣಿನ ಗೋಡೆಯ ಮನೆ, ಒಳಗೆ ಮೊಬೈಲ್ ಸಿಗ್ನಲ್ ಸುಳಿಯುವುದಿಲ್ಲ. ಅವಳ ಪಾಠಕ್ಕೆ ವೈಫೈ ಒಂದೇ ಗತಿ. ಧಾರಾವಾಹಿಯೂ ಏಳಕ್ಕೇ. ಪಡಸಾಲೆಯಲ್ಲಿ ನಾಯಕಿ ಬಾಯಿ ತೆರೆದವಳು ತೆರೆದಂತೆಯೇ ನಿಂತುಬಿಡುವಳು, ಕೋಣೆಯಲ್ಲಿ ಮಕ್ಕಳ ಮುಖಗಳು ಕಲ್ಲಾಗಿಬಿಡುವವು. ಇಂದ್ರವ್ವ ಹದಿನೈದು ದಿನ ಗೊಣಗಿದಳು. ಆಮೇಲೆ ಲಗಮಪ್ಪ ಪರಶುವಿಗೆ ಹೇಳಿಕಳಿಸಿದ.

ಪರಶು ಬಂದ. ವೈಫೈ ಪೆಟ್ಟಿಗೆಗೆ ಯಾವ ಯಾವ ಫೋನು ಹತ್ತಿದೆ ಎಂಬ ಪಟ್ಟಿಯನ್ನು ಹೇಗೋ ತೆಗೆದ. ಅದರಲ್ಲಿ ಒಂದು ಫೋನು ಬೆಳಗಿನಿಂದಲೂ ಹತ್ತಿಕೊಂಡೇ ಇತ್ತು. ಸರಿಯಾಗಿ ನೋಡಿದ್ದರೆ ಉಳಿದವೂ ಹಾಗೇ ಇದ್ದದ್ದು ಕಾಣುತ್ತಿತ್ತು. ಆದರೆ ಮನೆಯವರೆಲ್ಲ ಸುತ್ತ ನಿಂತು ಅವನ ಬಾಯಿ ನೋಡುತ್ತಿದ್ದರು. ಏನಾದರೊಂದು ಹೇಳಲೇಬೇಕಿತ್ತು, ಹೇಳಿಬಿಟ್ಟ.

"ಈ ಒಂದು ಫೋನ್ ಮುಂಜಾನಿಂದ ನೆಟ್ ಎಳಕೊಳ್ಳಾಕ ಹತ್ತೇತ್ರಿ ಯಜಮಾನ್ರ. ಟಿವಿಗೆ ಎಲ್ಲಿಂದ ಬರಬೇಕು?"

ಅದು ಶೀತಲ್‌ಳ ಫೋನು. ಇಂದ್ರವ್ವ ಸೊಸೆಯ ಕಡೆ ನೋಡಿದ ನೋಟ ಪರಶುಗೂ ಕಂಡಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೀತಲ್ ಮೆಲ್ಲಗೆ, ಆದರೆ ತಡವರಿಸದೆ ಮಾತಾಡಿದಳು.

"ಕಾಕಾ, ನನ್ನ ಕ್ಲಾಸಿಗೆ ಅಷ್ಟ ನೆಟ್ ಬೇಕಾಗೂದಿಲ್ರಿ. ಫೋನಿಂದ ಟಿವಿಗೆ ಹಾಯಿಸಿದಾಗಷ್ಟ ಹಿಂಗ ಆಗತೈತಿ. ಟಿವಿ ಬಂದ್ ಇದ್ದಾಗ ಏನೂ ಆಗೂದಿಲ್ಲ."

ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿಯಿತ್ತು. ಪರಶುಗೆ ಮೈಯೆಲ್ಲ ಉರಿಯಿತು. ತಾನು ಕುರ್ಚಿ ಗಳಿಸಿದ ಪಡಸಾಲೆಯಲ್ಲೇ ನಿನ್ನೆ ಮೊನ್ನೆ ಬಂದವಳು ತನ್ನ ಕಸಬು ತನಗೆ ಕಲಿಸುವುದೇ? ಯವ್ವಾ, ನೀ ಹುಟ್ಟೂಕಿಂತ ಮೊದಲ ಈ ಮನಿ ಟಿವಿ ನೋಡೇನಿ ಎಂದ. ಲಗಮಪ್ಪ ನಕ್ಕ, ಇಂದ್ರವ್ವನೂ ನಕ್ಕಳು. ಶೀತಲ್‌ಳ ಗಂಡ ಅಪ್ಪು ನೆಲ ನೋಡುತ್ತ ನಿಂತಿದ್ದ. ಇಡೀ ದಿನ ಫೋನಿನಲ್ಲಿ ಏನು ನೋಡುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ ಎಂಬ ಮಾತು ಅಲ್ಲೇ ಎದ್ದಿತು. ವೈಫೈ ಪಾಸ್‌ವರ್ಡ್ ಬದಲಿಸಿಬಿಡು, ಅವಳಿಗೆ ಹೇಳಬೇಡ ಎಂದು ಲಗಮಪ್ಪ ಹೇಳಿದ, ಪರಶು ಬದಲಿಸಿಕೊಟ್ಟ. ಶೀತಲ್‌ಳ ಪಾಠ ಅಂದಿಗೆ ನಿಂತಿತು.

ಮನೆಗೆ ಬಂದು ಹೆಂಡತಿ ರೇಣುವಿನ ಮುಂದೆ ದೊಡ್ಡ ಪರಾಕ್ರಮವೆಂಬಂತೆ ಹೇಳಿಕೊಂಡ. ಸಾಲೆಯಲ್ಲಿ ಬಿಸಿಯೂಟ ಮಾಡುವ ರೇಣು ಹೆಚ್ಚು ಮಾತಿನವಳಲ್ಲ. ಆ ಹುಡುಗಿ ಹೇಳಿದ್ದನ್ನು ಒಮ್ಮೆಯಾದರೂ ನೋಡಿದಿರಾ ಎಂದು ಕೇಳಿ ರೊಟ್ಟಿ ಬಡಿಯಲು ಕೂತಳು. ಪರಶು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮೂರೇ ದಿನಕ್ಕೆ ಲಗಮಪ್ಪ ಮತ್ತೆ ಕರೆ ಮಾಡಿದ. ಮೊದಲಿನಷ್ಟಿಲ್ಲ, ಆದರೂ ಟಿವಿ ನಡುನಡುವೆ ನಿಲ್ಲುತ್ತದೆ ಎಂದ. ಈಗ ಪರಶುಗೆ ಒಳಗೊಳಗೇ ದಿಗಿಲಾಯಿತು. ಊರಲ್ಲಿ ಯಾರನ್ನು ಕೇಳಿದರೂ ಮರ್ಯಾದೆ ಹೋಗುತ್ತದೆಂದು ಗಾಡಿ ಹತ್ತಿ ಕಿತ್ತೂರಿಗೆ ಹೋದ. ಅಲ್ಲಿ ಹೈವೇ ಪಕ್ಕದಲ್ಲಿ ಶಿವಲಿಂಗನ ಟಿವಿ, ವೈಫೈ ಸಾಮಾನಿನ ಅಂಗಡಿಯಿದೆ. ಯಾರದೋ ಮನೆಯ ಕತೆ ಎನ್ನುವ ಹಾಗೆ ಎಲ್ಲ ಹೇಳಿದ. ಶಿವಲಿಂಗ ಚಹಾ ತರಿಸಿ, ತಾಳ್ಮೆಯಿಂದ ಬಿಡಿಸಿ ಹೇಳಿದ. ಕಬ್ಬಿನ ಟ್ರ್ಯಾಕ್ಟರು ಒಂದೇ ಸಂದಿಯಲ್ಲಿ ಹೋಗಬೇಕು, ಅದೇ ಸಂದಿಯಲ್ಲಿ ತಿರುಗಿ ಬರಬೇಕು, ಹಾಗಾಗುತ್ತದೆ. ಫೋನು ವೈಫೈಯಿಂದ ಚಿತ್ರ ತರಿಸಿಕೊಳ್ಳುತ್ತದೆ, ಅದೇ ಗಾಳಿಯಲ್ಲಿ ಅದೇ ಚಿತ್ರವನ್ನು ಟಿವಿಗೆ ಕಳಿಸುತ್ತದೆ, ಉಳಿದವರಿಗೆ ದಾರಿಯೇ ಇರುವುದಿಲ್ಲ. ವೈಫೈ ಪೆಟ್ಟಿಗೆಯಿಂದ ಟಿವಿಗೆ ಒಂದು ವೈರು ಎಳೆದು, ಟಿವಿಯಲ್ಲೇ ಆಪ್ ಹಾಕಿದರೆ ಮುಗಿಯಿತು ಎಂದ. ಹಾಕುವುದನ್ನೂ ತೋರಿಸಿಕೊಟ್ಟ.

ಪರಶು ಎದ್ದು ನಿಂತವನು ಏನೋ ನೆನಪಾದವನಂತೆ ಮತ್ತೆ ಕೂತ. ಪಟ್ಟಿಯಲ್ಲಿ ಒಂದು ಫೋನಿನ ಹೆಸರು ಇಡೀ ದಿನ ತೋರಿಸಿದರೆ ಏನರ್ಥ ಎಂದು ಕೇಳಿದ.

"ಏನೂ ಇಲ್ಲೋ ಮಾರಾಯಾ. ಕಪಾಟಿನ್ಯಾಗ ಸುಮ್ನ ಬಿದ್ದಿದ್ರೂ ತೋರಸ್ತೈತಿ. ಎಲ್ಲಾರ ಫೋನೂ ಹಂಗ."

ಪರಶುವಿನ ಮುಖ ಸಣ್ಣದಾಯಿತು. ದೊಡವಾಡದ ದಾರಿಯುದ್ದಕ್ಕೂ ಇಂದ್ರವ್ವ ಸೊಸೆಯನ್ನು ನೋಡಿದ ನೋಟವೇ ಕಣ್ಣ ಮುಂದೆ. ಆ ನೋಟವನ್ನು ಅವಳ ಕಣ್ಣಿಗೆ ಹಾಕಿಕೊಟ್ಟವನು ತಾನು. ಹೋಗಿ ಹೇಳಿಬಿಡಬೇಕು ಎಂದೇ ಲಗಮಪ್ಪನ ಮನೆಗೆ ಗಾಡಿ ತಿರುಗಿಸಿದ.

ವೈರು ಎಳೆದ, ಆಪ್ ಹಾಕಿದ. ಚಿತ್ರ ಒಂದು ಸಲವೂ ನಿಲ್ಲದೆ ಓಡಿತು. ಅವನು ಬಾಯಿ ತೆರೆಯುವ ಮೊದಲೇ ಇಂದ್ರವ್ವ ತೀರ್ಪು ಕೊಟ್ಟಾಗಿತ್ತು.

"ಸೊಸಿದು ಬಂದ್ ಮಾಡಿದ್ದಕ್ಕ ಈಗ ಹೆಂಗ ಛಂದ ಓಡಾಕ ಹತ್ತೇತಿ ನೋಡು. ನೀ ಅವತ್ತ ಹೇಳಿದ್ದ ಖರೆ ಆತು."

ಅಲ್ಲ ಎನ್ನಬೇಕಿತ್ತು. ಟೆಸ್ಟರನ್ನು ಕಿಸೆಗೆ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಶೀತಲ್ ಚಹಾ ತಂದಳು, ಅದೇ ಸ್ಟೀಲ್ ಲೋಟ. ಗೋಡೆಗುಂಟ ಎಳೆದ ಹೊಸ ವೈರನ್ನು ಅವಳು ಈ ತುದಿಯಿಂದ ಆ ತುದಿಯ ತನಕ ಕಣ್ಣಲ್ಲೇ ಅಳೆದಳು, ಆಮೇಲೆ ಅವನ ಮುಖ ನೋಡಿದಳು. ಪರಶು ಲೋಟದಲ್ಲಿ ಮುಖ ಹುದುಗಿಸಿ ಚಹಾ ಕುಡಿದು ಎದ್ದು ಬಂದ. ಮೊದಲನೆಯದು ತಿಳಿಯದೆ ಆಡಿದ ಮಾತು. ಇದು ತಿಳಿದೂ ಆಡದೆ ಉಳಿದ ಮಾತು, ಇದಕ್ಕೆ ನೆಪವೂ ಇರಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ರೇಣು ಬಿಡದೆ ಕೇಳಿದಾಗ ಎಲ್ಲ ಹೇಳಿದ. ತಪ್ಪೊಪ್ಪಿಕೊಂಡರೆ ಆ ಮನೆಯ ಕುರ್ಚಿ ಹೋಗುತ್ತದೆ, ಅಪ್ಪನ ಜಾಗಕ್ಕೆ ಮತ್ತೆ ಬಂದಂತಾಗುತ್ತದೆ ಎಂದೂ ಹೇಳಿದ. ರೇಣು ಗೋಡೆಯ ಮೇಲಿನ ಬುದ್ಧನ ಫೋಟೊದ ಪಕ್ಕದಲ್ಲಿದ್ದ ಮಾವನ ಫೋಟೊ ನೋಡಿದಳು.

"ನಿಮ್ಮಪ್ಪಾರು ಕಟ್ಟಿ ಕೆಳಗ ನಿಂತಿದ್ರು, ಖರೆ. ಒಬ್ಬರ ಮ್ಯಾಲೆ ಸುಳ್ಳ ಹೊರಿಸಿ ಮ್ಯಾಲೆ ಕುಂತಿರ್ಲಿಲ್ಲ."

ಪರಶು ಆ ಸಂಜೆಯೇ ಹೋದ. ಏಳು ಬಾರಿಸಿತ್ತು, ಧಾರಾವಾಹಿ ನಡೆದಿತ್ತು, ಎಲ್ಲರೂ ಪಡಸಾಲೆಯಲ್ಲಿದ್ದರು. ಅವನು ಕೂಡಲಿಲ್ಲ. ಶೀತಲ್‌ಳ ಫೋನು ಇಸಿದುಕೊಂಡು ಹೊಸ ಪಾಸ್‌ವರ್ಡ್ ತಾನೇ ಹಾಕಿದ, ಒಂದು ವಿಡಿಯೊ ಹಚ್ಚಿ ಟಿವಿಯ ಪಕ್ಕದಲ್ಲಿ ಹಿಡಿದ. ಟಿವಿಯೂ ಓಡಿತು, ಫೋನೂ ಓಡಿತು.

"ತಪ್ಪ ನಂದ್ರಿ ಯಜಮಾನ್ರ. ಫೋನಿಂದ ಹಾಯಿಸಿದ್ದು ನಾ, ನೆಟ್ ಕೆಟ್ಟದ್ದು ಅದಕ್ಕ. ಈ ಹುಡುಗಿ ಅವತ್ತ ಖರೇನ ಹೇಳಿದ್ಳು. ಆಕಿ ಫೋನ್ ಇಡೀ ದಿವಸ ಏನೂ ಎಳಕೊಂಡಿಲ್ಲ. ನನಗ ಗೊತ್ತಿರ್ಲಿಲ್ಲ, ಗೊತ್ತಿದ್ದವರಂಗ ಹೇಳಿಬಿಟ್ಟೆ."

ಹೇಳಿ ಮುಗಿಸಿ, ಹೊರಗೆ ನಡೆ ಎಂಬ ಮಾತಿಗೆ ಕಾದು ನಿಂತ. ಲಗಮಪ್ಪ ತೊಡೆ ಕೆರೆದುಕೊಂಡ. ಹೋಗಲಿ ಬಿಡು, ಮಷೀನಿನ ಕೆಲಸ, ಒಮ್ಮೊಮ್ಮೆ ಹಾಗಾಗುತ್ತದೆ, ಕೂಡು, ಚಹಾ ಕುಡಿ ಎಂದ. ಇಂದ್ರವ್ವ ಆಗಲೇ ಟಿವಿಯ ಕಡೆ ತಿರುಗಿದ್ದಳು. ಅಷ್ಟೇ. ಮೂವತ್ತು ವರ್ಷ ಅವನು ಅಂಜಿದ್ದು ಇದಕ್ಕೆ. ಅವನ ತಪ್ಪಿಗೆ ಒಂದು ಲೋಟ ಚಹಾ ಸಿಕ್ಕಿತು. ಮಾಡದ ತಪ್ಪಿಗೆ ಒಂದು ವಾರ ಬಾಯಿ ಮುಚ್ಚಿ ತಿರುಗಿದವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಅಪ್ಪು ಈ ಸಲವೂ ನೆಲ ನೋಡುತ್ತಿದ್ದ. ಪರಶುಗೆ ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸಿತು.

ಶೀತಲ್ ಫೋನು ತೆಗೆದುಕೊಳ್ಳಲು ಹತ್ತಿರ ಬಂದಳು. ಅವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿ.

"ಮೊನ್ನೆ ವೈರ್ ಹಾಕಾಕ ಬಂದಾಗ ನಿಮಗ ಗೊತ್ತಿತ್ತೇನ್ರಿ, ಕಾಕಾ?"

"ಗೊತ್ತಿತ್ತವ್ವಾ."

ಅವಳು ತಲೆಯಾಡಿಸಿ ಕೋಣೆಗೆ ಹೋದಳು. ಮಕ್ಕಳ ಮನೆಗಳಿಗೆ ಮೆಸೇಜು ಕಳಿಸಿರಬೇಕು. ಲಗಮಪ್ಪ ಬಲವಂತ ಮಾಡಿ ಕೂಡಿಸಿದ್ದರಿಂದ ಪರಶು ಕಾಲು ತಾಸು ಕುರ್ಚಿಯ ತುದಿಯಲ್ಲಿ ಕೂತಿದ್ದ, ಮುಂದಿಟ್ಟ ಚಹಾ ಮುಟ್ಟಲಿಲ್ಲ. ಅಷ್ಟರಲ್ಲಿ ಕೋಣೆಯಿಂದ ಮಕ್ಕಳ ದನಿ ಕೇಳಿತು. ಶೀತಲ್ ಹಾಜರಿ ಕರೆದಳು. ಒಂಬತ್ತು ಹೆಸರಲ್ಲಿ ಐದು ಮಾತ್ರ ಓಗೊಟ್ಟವು. ಉಳಿದವರು ಬೇರೆ ಕಡೆ ಪಾಠಕ್ಕೆ ಸೇರಿದ್ದಾರೆಂದು ಒಂದು ಹುಡುಗಿ ಹೇಳಿತು. ಇಷ್ಟು ದಿನ ಯಾಕೆ ಬರಲಿಲ್ಲ ಟೀಚರ್ ಎಂದು ಅದೇ ಕೇಳಿತು. ನೆಟ್ ಕೆಟ್ಟಿತ್ತು ಎಂದಳು ಶೀತಲ್.

"ಯಾರ ಕೆಡಿಸಿದ್ರು, ಟೀಚರ್?"

ಪರಶು ಎದ್ದು ಬಾಗಿಲ ತನಕ ಬಂದಿದ್ದ. ಕಾಲು ಚಪ್ಪಲಿಯಲ್ಲಿ ಅರ್ಧ ಹೊಕ್ಕಿತ್ತು. ಕೋಣೆಯ ಬಾಗಿಲು ತೆರೆದೇ ಇತ್ತು, ಅವಳಿಗೆ ಅವನು ಕಾಣುತ್ತಿದ್ದ.

"ಯಾರೂ ಅಲ್ಲ, ತಾನ ಕೆಟ್ಟಿತ್ತು. ಪುಸ್ತಕ ತಗೀರಿ."