ಕೆಂಪಾಗದ ಟೊಪ್ಪಿ

ನಾನು ಚಿಕ್ಕವಳಿದ್ದಾಗ ನನಗೆ ಬರುತ್ತಿದ್ದಷ್ಟು ಸಿಟ್ಟು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ ಮಕ್ಕಳೇ. ಅದರಲ್ಲೂ ಆ ಒಂದು ದಿನ, ನನ್ನ ಅಂಗೈಯಷ್ಟಿದ್ದ ನೂಲಿನ ಟೊಪ್ಪಿಯ ಸಲುವಾಗಿ, ಬೆಳಗಿನಿಂದ ಸಂಜೆಯವರೆಗೂ ಸಿಡಿಮಿಡಿ ಎನ್ನುತ್ತಲೇ ಇದ್ದೆ.

ನಮ್ಮ ಮನೆ ಇದ್ದದ್ದು ಹೊನ್ನಾವರದಲ್ಲಿ, ಶರಾವತಿಯ ದಂಡೆಗೆ ಹತ್ತಿರ. ಅಕ್ಕ ಬಾಣಂತನಕ್ಕೆಂದು ಬಂದು ಐದು ತಿಂಗಳಾಗಿತ್ತು. ಮಳೆ ಹಿಡಿಯುವ ಮೊದಲು ಅವಳು ಮಗುವನ್ನೆತ್ತಿಕೊಂಡು ಭಟ್ಕಳದ ಕಡೆ ಇದ್ದ ಗಂಡನ ಮನೆಗೆ ಹೊರಡಬೇಕಿತ್ತು. ಆಗ ಹೊಳೆಗೆ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ ಅಲ್ಲಿ ಬಸ್ಸು ಹಿಡಿಯಬೇಕು. "ಪಾಪುಗೊಂದು ಕೆಂಪು ಟೊಪ್ಪಿ ಇದ್ದಿದ್ರೆ ಎಷ್ಟು ಚಂದ ಕಾಣ್ತಿತ್ತು" ಎಂದು ಅಕ್ಕ ಅಂದದ್ದೇ ತಡ, "ನಾ ಮಾಡಿ ಕೊಡ್ತೆ" ಎಂದುಬಿಟ್ಟೆ. ಅಕ್ಕ ನಕ್ಕಳು. ನನಗೆ ಮೈ ಉರಿದುಹೋಯಿತು. ಮಾಡಿಯೇ ತೋರಿಸುತ್ತೇನೆಂದು ಹಟ ಹಿಡಿದೆ.

ಅಪ್ಪ ಕುಮಟೆಗೆ ಹೋದಾಗ ಒಂದು ಉಂಡೆ ನೂಲು ತಂದುಕೊಟ್ಟ. ಅದು ಬಿಳಿ. ಕೆಂಪು ಸಿಗಲಿಲ್ಲವಂತೆ. ಮುರಿದ ಛತ್ರಿಯ ಕಡ್ಡಿಯ ತುದಿ ಬಗ್ಗಿಸಿ, ಕಲ್ಲಿಗೆ ಉಜ್ಜಿ ಉಜ್ಜಿ ನನಗೆ ಕೊಕ್ಕೆ ಮಾಡಿಕೊಟ್ಟವನೂ ಅಪ್ಪನೇ. ನಾನು ಹೆಣೆದ ಮೊದಲನೇ ಟೊಪ್ಪಿ ಅಜ್ಜಿಯ ತಲೆಗೂ ದೊಡ್ಡದಾಯಿತು. ಬಿಚ್ಚಿದೆ. ಎರಡನೆಯದು ಮಾವಿನಮಿಡಿಗೆ ಹಾಕುವ ಹಾಗಾಯಿತು. ಅದನ್ನೂ ಬಿಚ್ಚಿದೆ. ಮೂರನೇ ಸಲಕ್ಕೆ ನೂಲು ಕೊಳೆಯಾಗಿತ್ತು, ಬೆರಳು ನೋಯುತ್ತಿತ್ತು, ಟೊಪ್ಪಿ ಮಾತ್ರ ಟೊಪ್ಪಿಯ ಹಾಗೇ ಬಂತು.

ಇನ್ನು ಬಣ್ಣ. ತುಂಡು ನೂಲುಗಳನ್ನು ಸಿಕ್ಕಿದ್ದರಲ್ಲೆಲ್ಲ ಅದ್ದಿ ನೋಡಿದೆ. ಬಸಳೆ ಹಣ್ಣಿನ ರಸದಲ್ಲಿ ಅದ್ದಿದ್ದು ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತು. ತೇಗದ ಚಿಗುರು ತಿಕ್ಕಿದರೆ ನನ್ನ ಕೈ ಕೆಂಪಾಯಿತೇ ಹೊರತು ನೂಲು ಆಗಲಿಲ್ಲ. ಸಾರಿಗೆ ಹುಳಿಯೆಂದು ಹಾಕುವ ಮುರುಗಲ ಸಿಪ್ಪೆಯ ನೀರಿಗೆ ಹಾಕಿದ್ದು ಚಂದದ ಗುಲಾಬಿಯಾಯಿತು, ಆದರೆ ಮೂಗಿನ ಹತ್ತಿರ ತಂದರೆ ಸಾರಿನ ವಾಸನೆ. ಅಕ್ಕ ಹೊರಡುವ ದಿನ ಬೆಳಿಗ್ಗೆ, ಇಷ್ಟು ಸುಲಭದ ಉಪಾಯ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಂಡೆ. ಆರತಿಯ ನೀರು! ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ನಮ್ಮಲ್ಲಿ ಮಾತು ಬಾರದ ಮಕ್ಕಳಿಗೂ ಗೊತ್ತು.

ಅಜ್ಜಿ ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದ ಕವಳದ ಡಬ್ಬಿಯಿಂದ ಸುಣ್ಣ ತೆಗೆದೆ. ಒಂದು ಚೂರಲ್ಲ, ಇದ್ದಷ್ಟನ್ನೂ. ಟೊಪ್ಪಿ ಅದ್ದಿ ಎತ್ತಿದರೆ ಆಹಾ, ದಾಸವಾಳದ ಕೆಂಪು! ಬೇಲಿಯ ಮೇಲೆ ಒಣಹಾಕಿ ಹತ್ತು ಸಲ ಹೋಗಿ ನೋಡಿ ಬಂದೆ. ಹತ್ತನೇ ಸಲಕ್ಕೆ ಬೆರಳ ಸಂದಿಯಲ್ಲೆಲ್ಲ ಚುರುಚುರು ಎನ್ನತೊಡಗಿತು. ಅಮ್ಮ ನನ್ನ ಕೈ ಹಿಡಿದು ನೋಡಿದಳು. ಚರ್ಮ ಕೆಂಪಾಗಿ ಎದ್ದಿತ್ತು.

"ಎಂತ ಮಾಡ್ಕಂಡ್ಯೇ ಇದು? ಸುಣ್ಣವಾ? ನಿನ್ನ ಕೈಯೇ ಹೀಂಗಾದ್ರೆ ಆ ಹಸುಗೂಸಿನ ತಲೆ ಎಂತ ಆಗ್ತದೆ?"

ಅಮ್ಮ ಬೈದದ್ದು ಅಷ್ಟೇ. ನಿಂಬೆಹಣ್ಣು ಹಿಂಡಿ ಒಂದು ಬೋಗುಣಿ ನೀರು ತಂದಿಟ್ಟು, ಇದರಲ್ಲಿ ಅದ್ದಿದರೆ ಸುಣ್ಣ ಹೋಗುತ್ತದೆ ಎಂದಳು. ನಾನೇ ಅದ್ದಿದೆ. ಕಣ್ಣೆದುರೇ ಆ ಕೆಂಪೆಲ್ಲ ಹೋಗಿ ಟೊಪ್ಪಿ ಹಳದಿಯಾಯಿತು. ಅದೂ ಸಮನಾದ ಹಳದಿಯಲ್ಲ, ಒಂದು ಕಡೆ ಗಾಢ, ಒಂದು ಕಡೆ ಪೇಲವ. ಬೋಗುಣಿಯನ್ನು ಒದ್ದು ಹಿತ್ತಿಲಿಗೆ ಹೋಗಿ ಜೋರಾಗಿ ಅತ್ತೆ.

ಮಧ್ಯಾಹ್ನದ ಲಾಂಚಿಗೆ ಅಕ್ಕನನ್ನು ಹತ್ತಿಸಿ ಬರಲು ಎಲ್ಲರೂ ಹೊರಟೆವು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಲಾಂಚಿನಲ್ಲಿ ಕುಳಿತ ಮೇಲೆ ಅಕ್ಕ ದಡದಲ್ಲಿ ನಿಂತಿದ್ದ ನನ್ನತ್ತ ಕೈ ಚಾಚಿದಳು.

"ಟೊಪ್ಪಿ ಎಲ್ಲೇ? ಕೊಡೇ."

ಟೊಪ್ಪಿ ನನ್ನ ಮುಷ್ಟಿಯಲ್ಲೇ ಇತ್ತು, ಬೆನ್ನ ಹಿಂದೆ. ಅವಳು ಮತ್ತೆ ನಕ್ಕರೆ ಎಂದು ಹೆದರಿ, "ಆಗ್ಲಿಲ್ಲ" ಎಂದೆ. ಅಕ್ಕ ನಗಲಿಲ್ಲ. ಚಾಚಿದ ಕೈಯಿಂದಲೇ ಸೆರಗು ಎಳೆದು ಮಗುವಿನ ತಲೆಗೆ ಬಿಸಿಲು ತಾಗದಂತೆ ಮುಚ್ಚಿಕೊಂಡಳು. ಲಾಂಚು ಹೊರಟಿತು. ಸುಣ್ಣದ ಮೇಲೆ, ನಿಂಬೆಹಣ್ಣಿನ ಮೇಲೆ ಇದ್ದ ಸಿಟ್ಟೆಲ್ಲ ಆಗ ನನ್ನ ಮೇಲೆಯೇ ತಿರುಗಿತು. ಕೂಗಿ ಕರೆಯೋಣವೆಂದರೆ ಲಾಂಚು ಹೊಳೆಯ ನಡುವೆ ಇತ್ತು.

ಈಗ ನಿಮಗೆ ಬೇಕಾದ ಬಣ್ಣದ ಉಲ್ಲನ್ ಬಾಗಿಲಿಗೇ ಬರುತ್ತದೆ. ಬಸ್ಸಿನಲ್ಲಿ ಕೂತು ಮಾತಾಡುತ್ತಿರುವಾಗಲೇ ಶರಾವತಿ ದಾಟಿ ಆಗಿರುತ್ತದೆ. ಅದಕ್ಕೆಲ್ಲ ನನಗೇನೂ ಹೊಟ್ಟೆಕಿಚ್ಚಿಲ್ಲ. ಮೊನ್ನೆ ನೀವಿಬ್ಬರೂ ಸೇರಿ ಒಂದು ಮೊಲ ಹೆಣೆದಿರಲ್ಲ, ಒಂದು ಕಿವಿ ಉದ್ದ, ಇನ್ನೊಂದು ಕಿವಿ ಇಲ್ಲವೇ ಇಲ್ಲ. ಅದರ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದಿರಿ. ನೋಡಿದವರೆಲ್ಲ ನಕ್ಕರು, ಅವರ ಜೊತೆ ನೀವೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನನಗೆ ಹೊಟ್ಟೆಕಿಚ್ಚಾದದ್ದು ಆಗ.