ಜೀನಿನ ಅಂಗಡಿಯ ದ್ವೀಪ

ಮೊನ್ನೆ ಮೈಸೂರಿನಲ್ಲಿ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕುಳಿತಿದ್ದೆ. ಕನ್ನಡಿಯ ಪಕ್ಕದಲ್ಲಿ ಯಾವುದೋ ಹಡಗಿನ ಕಂಪನಿಯ ಹಳೇ ಕ್ಯಾಲೆಂಡರು. ತಿಂಗಳ ಹಾಳೆಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದಿದೆ. ತಿಳಿನೀರಿನ ದಡದಲ್ಲಿ ಖರ್ಜೂರದ ಮರಗಳು, ಮರಗಳ ನಡುವೆ ಒಂದು ಗುಮ್ಮಟ, ಒಂದು ಮಿನಾರು.

"ಯಾವೂರು ಸ್ವಾಮಿ ಇದು?" ಎಂದ ಕ್ಷೌರಿಕ.

"ಸೈಪ್ರಸ್ ದ್ವೀಪ ಕಣಪ್ಪ. ಅದು ಉಪ್ಪುನೀರಿನ ಕೆರೆ. ಬೇಸಿಗೇಲಿ ಬತ್ತಿ ಉಪ್ಪಾಗ್ತದೆ, ಚಳಿಗಾಲದಲ್ಲಿ ಗುಲಾಬಿ ಬಣ್ಣದ ಕೊಕ್ಕರೆ ಇಳೀತವೆ. ಆ ಗುಮ್ಮಟ ದರ್ಗಾದ್ದು. ಬಾಗಿಲಲ್ಲಿ ಬೆಕ್ಕುಗಳು ಮಲಗಿರ್ತವೆ, ಚಿತ್ರದಲ್ಲಿ ಕಾಣಿಸ್ತಿಲ್ಲ, ಅಷ್ಟೆ."

ಅವನ ಕತ್ತರಿ ನಿಂತಿತು. "ಹೋಗಿದ್ರಾ ಸ್ವಾಮಿ?"

ಕಡಲನ್ನು ನಾನು ನೋಡಿರುವುದೇ ಒಂದು ಸಲ, ಮದರಾಸಿನಲ್ಲಿ. ಅದೂ ಬೂಟು ಒದ್ದೆಯಾದೀತೆಂದು ದೂರದಿಂದ. ಆದರೆ ಅರ್ಧ ಕ್ಷೌರದ ತಲೆಗೆ ಗೌರವ ಸಿಗುತ್ತಿರುವಾಗ ಬೇಡವೆನ್ನಲು ಮನಸ್ಸು ಬರಲಿಲ್ಲ. "ಹೂಂ, ಒಂದು ಕಾಲದಲ್ಲಿ" ಎಂದೆ. ನಿಮ್ಮ ಹತ್ತಿರ ಸುಳ್ಳೇಕೆ? ಆ ದ್ವೀಪವನ್ನು ನಾನು ನೋಡಿದ್ದು ಹುಣಸೂರಿನ ಒಂದು ಜೀನಿನ ಅಂಗಡಿಯ ನೆಲದ ಮೇಲೆ.

ಅಂಗಡಿ ಖಾದರ್ ಸಾಹೇಬರದು. ಕುದುರೆಗೆ ಜೀನು, ಜಟಕಾಕ್ಕೆ ಪಟ್ಟಿ, ಎತ್ತಿಗೆ ಕೊರಳಪಟ್ಟಿ, ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಹೀಗೆ ಚರ್ಮದಲ್ಲಿ ಹೊಲಿಯುವುದೇನಿದ್ದರೂ ಅವರ ಕೈಯಲ್ಲಿ ಆಗುತ್ತಿತ್ತು. ನಾನು ಹುಣಸೂರಿನಲ್ಲಿ ಹೈಸ್ಕೂಲು ಓದುವಾಗ ಮಲಗುತ್ತಿದ್ದದ್ದು ಅವರ ಅಂಗಡಿಯ ಅಟ್ಟದ ಮೇಲೆ. ಬಾಡಿಗೆ ಕೇಳಿದವರಲ್ಲ. ಹಾಗಾಗಿ ನನ್ನ ಬಿ.ಎ. ಪದವಿಗೆ ಈವತ್ತಿಗೂ ಹದ ಹಾಕಿದ ಚರ್ಮದ ವಾಸನೆಯಿದೆ. ಅದರಿಂದ ನನಗೇನೂ ನಾಚಿಕೆಯಿಲ್ಲ.

ಬಿ.ಎ. ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ, ಹೇಳದೆ ನನಗೂ ನಿದ್ದೆ ಬರುವುದಿಲ್ಲ. ನಮ್ಮದು ಕಂಪಲಾಪುರದ ಪಕ್ಕದ ಹಳ್ಳಿ. ಅಪ್ಪ ಹೆಬ್ಬೆಟ್ಟು ಒತ್ತುವವರು. ನನ್ನ ಫೀಸಿಗೆ ಜೋಡಿಯಲ್ಲಿ ಒಂದು ಎತ್ತು ಮಾರಿ, ಉಳಿದ ಒಂದನ್ನು ಪಕ್ಕದ ಮನೆಯ ಎತ್ತಿನ ಜೊತೆ ಕಟ್ಟಿ ಉತ್ತರು. ನಾನು ಪಾಸಾದಾಗ ಊರೇ ನೋಡಲು ಬಂತು. ಒಬ್ಬ ಅಜ್ಜಿ ನನ್ನ ಸುತ್ತ ಒಂದು ಸುತ್ತು ಬಂದು, "ಎಲ್ಲೈತ್ಲಾ ಅದು, ಬಿಯೇ?" ಎಂದು ಕೇಳಿದಳು. ನಾನು ಕೊಡೆಯ ಒಳಬಟ್ಟೆಯ ಮೇಲೂ ಹೆಸರಿನ ಮುಂದೆ ಆ ಎರಡಕ್ಷರ ಬರೆಸಿದ್ದೆ. ಮಳೆ ಬಂದರೆ ನನಗೆ ಮಾತ್ರ ಕಾಣುತ್ತಿತ್ತು.

ಪದವಿ ಬಂತು, ಕೆಲಸ ಬರಲಿಲ್ಲ. ಅರ್ಜಿ ಹಾಕಿಕೊಂಡು ಮತ್ತೆ ಸಾಹೇಬರ ಅಂಗಡಿಯ ಬೆಂಚಿಗೇ ಬಂದು ಕುಳಿತೆ. ಯುದ್ಧ ಆಗಷ್ಟೇ ಮುಗಿದಿತ್ತು, ಸಾಹೇಬರೂ ಆಗಷ್ಟೇ ಮರಳಿದ್ದರು. ಹೇಸರಗತ್ತೆಗಳ ದಳಕ್ಕೆ ಜೀನು ಹೊಲಿಯಲು ಅವರನ್ನು ಹಡಗು ಹತ್ತಿಸಿ ಕರೆದೊಯ್ದಿದ್ದರಂತೆ. ಹೆಚ್ಚು ಕಾಲ ಇದ್ದದ್ದು ಸೈಪ್ರಸ್ಸಿನಲ್ಲಿ, ಕಡಲ ದಂಡೆಯ ಒಂದು ಊರಿನಲ್ಲಿ. ರಜೆಗೆಂದು ದೊರೆಗಳು ಬಂದು ತಂಗುವ ಜಾಗವಂತೆ ಅದು. ಅಲ್ಲಿ ಸಾಹೇಬರಿಗೆ ವಾರಕ್ಕೊಮ್ಮೆ ಬಿಡುವು ಸಿಕ್ಕುತ್ತಿತ್ತು. ಆ ಬಿಡುವಿನಲ್ಲಿ ಸುತ್ತಿ ನೋಡಿದ್ದನ್ನೆಲ್ಲ ಹುಣಸೂರಿಗೆ ತಂದು ಸುರಿದರು.

ಗಿರಾಕಿ ಒಬ್ಬ ಸಿಕ್ಕರೆ ಸಾಕು, ಕೆಲಸ ಬದಿಗಿಟ್ಟು ನೆಲದ ಮೇಲೆ ದ್ವೀಪ ಹರಡುವರು. ದಾರದ ಉಂಡೆ ಲೈಟ್‌ಹೌಸು. ಚರ್ಮದ ಚೂರು ಉಪ್ಪಿನ ಕೆರೆ. ಗುಂಡುಸೂಜಿಯ ಡಬ್ಬಿ ದರ್ಗಾ. ಜೇನುಮೇಣದ ಮುದ್ದೆ ಗುಡ್ಡ, ಅದರ ನೆತ್ತಿಯ ಮೇಲೊಂದು ಪಾದ್ರಿಗಳ ಮಠ. ಬಂದರಿನ ಮುಂದಿನ ಕಾಫಿ ಅಂಗಡಿಗೆ ಸ್ವತಃ ಅವರ ಎಡಗಾಲಿನ ಚಪ್ಪಲಿ. "ಮುದುಕರು ಬೊಟ್ಟಿನಷ್ಟು ಕಪ್ಪಲ್ಲಿ ಕಾಫಿ ಇಟ್ಕಂಡು ಇಡೀ ದಿನ ಕೂತಿರ್ತಾರೆ ಕಣ್ರೀ, ಯಾರೂ ಏಳು ಅನ್ನಾಕಿಲ್ಲ!"

"ನಿಮ್ಮಂಗಡೀಲೂ ಅಂಗೇ ಅಲ್ವಾ ಸಾಹೇಬ್ರೇ, ನನ್ನ ಕೊರಳಪಟ್ಟಿಗೆ ಹಬ್ಬದಿಂದ ಕೂತಿವ್ನಿ" ಎನ್ನುವನು ಗಿರಾಕಿ.

ಎಲ್ಲವೂ ಚೆನ್ನಾಗಿತ್ತು, ಕೊನೆಯ ಮಾತೊಂದು ಇಲ್ಲದಿದ್ದರೆ. ಪ್ರತಿ ಜಾಗವನ್ನೂ ಬಣ್ಣಿಸಿ ಆದ ಮೇಲೆ ಅವರು ಬಾಗಿಲಾಚೆ ಬೀದಿಯನ್ನು ನೋಡಿ, "ಇಲ್ಲೇನೈತೆ, ಬುಡಿ" ಎಂದು ಉಸಿರುಬಿಡುತ್ತಿದ್ದರು. ಲಕ್ಷ್ಮಣತೀರ್ಥ ತುಂಬಿ ಹರಿಯಲಿ, ಮಾವು ಬರಲಿ, ಹೆಂಡತಿ ಹಲೀಮಾಬಿ ಬಿಸಿ ರೊಟ್ಟಿ ತಂದಿಡಲಿ, ಅದೇ ಮಾತು.

ಆ ತಾಯಿ ಪರದೆಯ ಹಿಂದೆ ನಿಂತು ಇದನ್ನು ಕೇಳಿ ಕೇಳಿ, ಒಂದು ಬೆಳಿಗ್ಗೆ ಪೊರಕೆ ತೆಗೆದುಕೊಂಡು ಬಂದು ಲೈಟ್‌ಹೌಸು, ಮಠ, ಉಪ್ಪಿನ ಕೆರೆ ಎಲ್ಲವನ್ನೂ ಒಟ್ಟಿಗೆ ಗುಡಿಸಿ ಮೂಲೆಗೆ ತಳ್ಳಿದರು. ಸಾಹೇಬರು ಹೌಹಾರಿ, "ದರ್ಗಾ, ದರ್ಗಾ!" ಎಂದು ಸೂಜಿ ಡಬ್ಬಿಯನ್ನು ಮಾತ್ರ ಉಳಿಸಿಕೊಂಡರು.

"ಇಲ್ಲೇನೂ ಇಲ್ಲ ಅಂತೀರಲ್ಲ, ಇಲ್ಲಿ ನಾನಿದ್ದೆ" ಎಂದರು ಆಕೆ. ಮಧ್ಯಾಹ್ನದ ಹೊತ್ತಿಗೆ ಆಕೆಯ ತಮ್ಮ ಬುಡನ್ ಗಾಡಿ ಹೂಡಿಕೊಂಡು ಬಂದ, ಆಕೆ ಕಂಪಲಾಪುರದ ಅವನ ಮನೆಗೆ ಹೊರಟುಹೋದರು. ವಾರಗಳು ಕಳೆದವು. ಬರುವ ಸುದ್ದಿಯಿಲ್ಲ. ಸಾಹೇಬರು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯತೊಡಗಿದರು. ದ್ವೀಪದ ಸುದ್ದಿ ಎತ್ತಿದರೆ ಗಿರಾಕಿಗೆ ಚಪ್ಪಲಿ ತೋರಿಸುವರು, ಈ ಸಲ ಕಾಫಿ ಅಂಗಡಿಯೆಂದು ಅಲ್ಲ.

ಕೊನೆಗೊಂದು ದಿನ ನನ್ನ ಕೈ ಹಿಡಿದರು. "ಬಿಯೇ ಸಾಹೇಬ್ರೇ, ನೀವು ಓದಿದೋರು. ನನ್ನ ಬಾಯಿ ನಂಬಂಗಿಲ್ಲ. ನನ್ನ ಜೊತೇಲಿ ಬಂದು ನೀವೇ ಒಂದು ಮಾತು ಹೇಳಿ ಕರ್ಕಂಡು ಬನ್ನಿ. ಇಲ್ದಿದ್ರೆ ಅವಳು ಬರಾಕಿಲ್ಲ."

ನನ್ನ ಪದವಿಗೆ ಸಿಕ್ಕಿದ ಮೊದಲ ಉದ್ಯೋಗ ಅದು. ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿದೆ. ಬುಡನ್ ಮನೆಯ ಜಗುಲಿಯಲ್ಲಿ ಕುಳಿತು, ಗಂಟಲು ಸರಿಮಾಡಿಕೊಂಡು, "ದಾಂಪತ್ಯವೆಂಬುದು ಪರಸ್ಪರ ಸಹನೆಯ ತಳಹದಿಯ ಮೇಲೆ..." ಎಂದು ಆರಂಭಿಸಿದೆ.

"ನಿಂಗೆ ಮದುವೆ ಆಗೈತಾ ಮಗಾ?" ಎಂದರು ಹಲೀಮಾಬಿ.

"ಇಲ್ಲಮ್ಮ."

"ಅಂಗಾರೆ ಟೀ ಕುಡಿ."

ಟೀ ಕುಡಿದೆ. ಈಗ ಸಾಹೇಬರೇ ಬಾಯಿ ತೆರೆಯಬೇಕಾಯಿತು. "ನಾನು ಅಲ್ಲಿದ್ದಾಗ ಇಲ್ಲೀದೇ ಧ್ಯಾನ ಕಣೇ! ಆ ಕಾಫಿ ಅಂಗಡಿ ಮುದುಕರಿಗೆ ನಮ್ಮ ಹೊಳೆ, ನಮ್ಮ ಹುಣಸೂರು, ನಿನ್ನ ಕೈ ರೊಟ್ಟಿ, ಇದ್ನೇ ಹೇಳಿ ಹೇಳಿ 'ನಿಮ್ಮೂರಲ್ಲೇನೈತೆ, ಬುಡಿ' ಅಂತಿದ್ದೆ. ಒಬ್ಬ ಮುದುಕ ಊರುಗೋಲು ಎತ್ಕಂಡು ಬಂದಿದ್ದ!"

ಬುಡನ್ ನಕ್ಕುಬಿಟ್ಟ. ನನಗೂ ಗೆದ್ದೆವು ಅನ್ನಿಸಿತು. ಹಲೀಮಾಬಿ ಮಾತ್ರ ನಗಲಿಲ್ಲ, ಯೋಚಿಸಿದರು.

"ಅಂದ್ರೆ ದೂರ ಇದ್ರೇನೇ ನಾನು ಚೆಂದ. ಆಯ್ತು, ನಾನು ಇಲ್ಲೇ ಇರ್ತೀನಿ. ನೀವು ಹುಣಸೂರಲ್ಲಿ ಕೂತು ಹೊಗಳ್ಕಂಡಿರಿ."

ಇದಕ್ಕೆ ಯಾವ ತರ್ಕಶಾಸ್ತ್ರದಲ್ಲೂ ಉತ್ತರವಿರಲಿಲ್ಲ. ನಾನು ತರ್ಕದಲ್ಲಿ ಒಳ್ಳೆಯ ನಂಬರು ತೆಗೆದವನು, ಹುಡುಕಿ ನೋಡಿದೆ. ಸಾಹೇಬರು ತಲೆ ತಗ್ಗಿಸಿ ಕುಳಿತರು. ಬಿಳಿ ಗಡ್ಡ ಎದೆಗೆ ತಾಗಿತ್ತು. ಆಗಲೇ ನನಗೆ ಹೊಳೆದದ್ದು, ಈ ಮನುಷ್ಯನ ಪಾಲಿಗೆ ಇದು ತಮಾಷೆಯಲ್ಲವೆಂದು.

ಹಲೀಮಾಬಿ ಟೀ ಲೋಟ ತೆಗೆದುಕೊಂಡು ಎದ್ದರು. "ನಾಳೆ ಗಾಡಿ ಕಟ್ಟು ಬುಡನ್. ಹುಣಸೂರಿಗಲ್ಲ, ಚುಂಚನಕಟ್ಟೆಗೆ. ಇವ್ರು ಜೊತೇಲಿ ಬರ್ಲಿ. ದಾರೀಲಿ ಬಾಯಿ ಬುಡಬಾರ್ದು. ಇಷ್ಟು ದಿನ ಇವ್ರು ತೋರಿಸಿದ್ರು, ಈಗ ನಾನು ತೋರಿಸ್ತೀನಿ. ಆಮ್ಯಾಕೆ ನೋಡುವಾ, ಹುಣಸೂರೋ, ಕಂಪಲಾಪುರವೋ."

ಪಂಚಾಯ್ತಿದಾರನೆಂದು ನಾನೂ ಗಾಡಿ ಹತ್ತಿದೆ. ಮಳೆಗಾಲ. ಹೊಗೆಸೊಪ್ಪಿನ ಹೊಲಗಳನ್ನು ದಾಟಿ ಗಾಡಿ ಬಡಗಲಿಗೆ ಹೊರಳಿತು. ಹಲೀಮಾಬಿ ಮುಂದೆ ಕುಳಿತು ಬೆರಳು ಮಾಡಿ ತೋರಿಸುತ್ತಾ ಬಂದರು. "ಈ ಆಲದ ಮರದ ಕೆಳಗೆ ಗಾಡಿ ಅಚ್ಚು ಮುರೀತು, ಸಾಯಂಕಾಲದವರೆಗೂ ಕೂತಿದ್ದೆ, ಗಿಣಿ ಬರಾದು ನೋಡ್ಬೇಕು. ಈ ಕೆರೆ ನೀರು ಸಿಹಿ. ಆ ಗುಡ್ಡದ ಆಚೆ ಸೀತಾಫಲ." ಸಾಹೇಬರು ಕಣ್ಣರಳಿಸಿ ನನ್ನನ್ನೂ ಬುಡನ್‌ನನ್ನೂ ನೋಡುತ್ತಿದ್ದರು. ಇದನ್ನೆಲ್ಲ ಇವಳು ಯಾವಾಗ ನೋಡಿದಳೆಂದು ಕೇಳಲು ಬಾಯಿ ಬಿಡುವಂತಿಲ್ಲವಲ್ಲ.

ಸಂಜೆ ತಂಗಿದ ಹಳ್ಳಿಯಲ್ಲಿ ಉತ್ತರ ಸಿಕ್ಕಿತು. ಗೌಡರೊಬ್ಬರು ಜಗುಲಿಯಿಂದಿಳಿದು ಬಂದು ಹಲೀಮಾಬಿಗೆ ಕೈಮುಗಿದು, "ಬೂಬಮ್ಮ ಬಂದ್ರಾ! ನೀವು ಹೊಲಿದ ಕಪಿಲೆ ಚೀಲ ಇನ್ನೂ ಒಂದು ತೊಟ್ಟು ಸೋರಿಲ್ಲ ಕಣವ್ವ" ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಇವರ್ಯಾರು?"

"ಬೂಬಮ್ಮನ ಗಂಡ" ಎಂದ ಬುಡನ್.

"ಓಹೋ. ನೀವೂ ಹೊಲೀತೀರಾ?"

ಖಾದರ್ ಸಾಹೇಬರು ಹೆಂಡತಿಯನ್ನು ನೋಡಿದರು. ಗಂಡ ಹಡಗಿನಲ್ಲಿ ಹೋದ ಮೇಲೆ ಆಕೆ ಮನೆಯಲ್ಲಿ ಕೂರಲಿಲ್ಲ. ತಮ್ಮನ ಗಾಡಿಯಲ್ಲಿ ದಬ್ಬಳ ದಾರ ಇಟ್ಟುಕೊಂಡು ಪಿರಿಯಾಪಟ್ಟಣದ ಕಡೆ, ಎಡತೊರೆಯ ಕಡೆ, ಅಂತರಸಂತೆಯ ಸಂತೆಯವರೆಗೂ ಹೋಗಿ, ಬಾವಿ ಬಾವಿಗೆ ಚೀಲ ಹೊಲಿದು ಅಂಗಡಿಯ ಹೆಸರು ಉಳಿಸಿದ್ದರು. ಮರಳಿ ಬಂದ ಗಂಡ ಅದನ್ನು ಕೇಳಲಿಲ್ಲ. ಕೇಳದ ಮೇಲೆ ಆಕೆ ಹೇಳಲೂ ಇಲ್ಲ. ಹುಣಸೂರಿನವರಿಗೆ ಗೊತ್ತಿತ್ತು, ಆದರೆ ಉಪ್ಪಿನ ಕೆರೆಯ ಕಥೆ ಮುಗಿದರೆ ತಾನೆ ಅವರು ಹೇಳುವುದು?

ಮರುದಿನ ಚುಂಚನಕಟ್ಟೆ ಇನ್ನೂ ದೂರವಿರುವಾಗಲೇ ಸದ್ದು ಕೇಳಿಸಿತು. ಕಾವೇರಿ ಕೆಂಪಗೆ ತುಂಬಿ ಬಂಡೆಗಳ ಮೇಲೆ ಉರುಳಿ ಬೀಳುತ್ತಿದ್ದಳು. ಹನಿ ಮುಖಕ್ಕೆ ಹೊಡೆಯುತ್ತಿತ್ತು. ಹಲೀಮಾಬಿ ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತು, ಪಕ್ಕದಲ್ಲಿ ಜಾಗ ಬಿಟ್ಟರು. "ಬಂದಾಗೆಲ್ಲ ಇಲ್ಲಿ ಕೂರ್ತಿದ್ದೆ. ನೀರಿನ ಸದ್ದಿಗೆ ಯಾರಿಗೂ ಕೇಳಿಸಾಕಿಲ್ಲ ನೋಡಿ, ಜೋರಾಗಿ ಅಳ್ತಿದ್ದೆ. ಆಮ್ಯಾಕೆ ಮೊಕ ತೊಳ್ಕಂಡು, ರೊಟ್ಟಿ ತಿಂದು, ಗಾಡಿ ಹತ್ತಾದು. ನನಗೆ ಇಲ್ಲಿ ಇದ್ದದ್ದು ಇದು."

ಸಾಹೇಬರು ಆ ಜಾಗದಲ್ಲಿ ಕುಳಿತರು. ನೀರು ನೋಡಿದರು, ಬಂಡೆ ನೋಡಿದರು. ತುಟಿ ಅಲುಗಿತು. "ಅಲ್ಲಿ..." ಎಂದು ಶುರುಮಾಡಿದರು. ಬುಡನ್ ಕಣ್ಣು ಮುಚ್ಚಿಕೊಂಡ. ನಾನು ಮನಸ್ಸಿನಲ್ಲೇ ಕಂಪಲಾಪುರದ ದಾರಿ ಹಿಡಿದೆ.

"ಅಲ್ಲಿ ನನ್ನ ಪಕ್ಕದಲ್ಲಿ ಯಾರೂ ಕೂರ್ತಿರಲಿಲ್ಲ ಕಣೇ" ಎಂದರು.

ಹಲೀಮಾಬಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದು, ಮೊದಲ ತುಂಡನ್ನು ಅವರ ಕೈಗಿಟ್ಟರು. ಎರಡನೆಯದನ್ನು ನನಗೆ ಕೊಟ್ಟು, "ಓದಿದೋನು ಒಬ್ಬ ಇರ್ಬೇಕು ಕಣಪ್ಪಾ ಜೊತೇಲಿ, ಗಾಡಿಗೆ ಭಾರ ಇರ್ತದೆ" ಎಂದರು. ಹೊರಡುವಾಗ ಬುಡನ್ ಯಾವ ಕಡೆಯೆಂದು ಕೇಳಲಿಲ್ಲ. ಹುಣಸೂರಿನ ದಾರಿಗೆ ಎತ್ತು ತಿರುಗಿಸಿದ. ಆಮೇಲೆ ಅಂಗಡಿಯ ನೆಲದ ಮೇಲೆ ಎರಡು ಊರು ಹರಡುತ್ತಿದ್ದವು. ಒಂದನ್ನು ಅವರು ಹೇಳುವರು, ಇನ್ನೊಂದನ್ನು ಪರದೆಯ ಈಚೆ ಬಂದು ಕುಳಿತು ಈಕೆ. ಗಿರಾಕಿಗಳ ಕೊರಳಪಟ್ಟಿ ಇನ್ನಷ್ಟು ತಡವಾಯಿತು.

ಇಷ್ಟು ಬರೆದು ಲೇಖನಿ ಕೆಳಗಿಟ್ಟಾಗ ನನ್ನ ಹೆಂಡತಿ ಬಾಗಿಲಲ್ಲಿ ಮೊರ ಮುಂದಿಟ್ಟುಕೊಂಡು ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಪಿರಿಯಾಪಟ್ಟಣದ ಕಡೆಯವಳು. ಮದುವೆಯಾದಂದಿನಿಂದ ನನ್ನ ಕಾಲೇಜು, ನನ್ನ ಮದರಾಸು, ನನ್ನ ಭಾಷಣಗಳನ್ನು ಕೇಳಿದವಳು. ತಿರುಗಿ ನಾನು ಏನನ್ನಾದರೂ ಕೇಳಿದ್ದುಂಟೇ ಎಂದು ನೆನಪು ಮಾಡಿಕೊಂಡೆ. ಉಪ್ಪು ಕಡಿಮೆಯೇಕೆ ಎಂದು ಕೇಳಿದ್ದೇನೆ.

"ಯಾಕೆ, ಮೈಯಲ್ಲಿ ಹುಷಾರಿಲ್ವಾ? ಅಂಗೆ ನೋಡ್ತಿದ್ದೀರಿ" ಎಂದಳು.

"ಅಲ್ಲ ಕಣೇ, ನಿಂಗೆ ಯಾವ ಜಾಗ ಅಂದ್ರೆ ಇಷ್ಟ?"

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಕಾಯಿ ಬಿಡಿಸುವುದು ನಿಂತಿತು. "ನಮ್ಮಪ್ಪನ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಐತಲ್ಲ, ಅದರ ಮಾಡಿನ ಮೇಲೆ ಹತ್ತಿ ನಿಂತ್ರೆ..." ಎಂದು ಶುರುಮಾಡಿದಳು. ಹುಡುಗಿಯಾಗಿದ್ದಾಗ ಇವಳು ಮಾಡು ಹತ್ತುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಕಾಗದ ಮಡಚಿಟ್ಟು ಎದ್ದು ಹೋಗಿ, ಮೊರದ ಆಚೆ ಬದಿಯಲ್ಲಿ ಕುಳಿತೆ.