ಯಾರದ್ದೂ ಅಲ್ಲದ ಮುಖ

ಗೌರಿ, ನಮ್ಮ ಎಣ್ಣೆ ಬಾಟಲಿಯ ಮೇಲಿದ್ದ ಹೆಂಗಸು ನಿನ್ನ ತಾಯಿ. ಅಲ್ಲ ಎಂದು ನಾನು ಹೇಳಿದ್ದು ಸುಳ್ಳು. ಬಾಯಿತಪ್ಪಿ ಬಂದದ್ದಲ್ಲ, ಗೊತ್ತಿಲ್ಲದೆ ಆಡಿದ್ದೂ ಅಲ್ಲ — ನಿನ್ನ ಮುಖವನ್ನೇ ನೋಡಿಕೊಂಡು, ಲಾಭನಷ್ಟ ತೂಗಿ ಹೇಳಿದ ಸುಳ್ಳು. ನೀನು ಈಗ ಎಲ್ಲಿದ್ದೀಯೋ, ಓದು ಕಲಿತೆಯೋ ಇಲ್ಲವೋ, ನನಗೆ ತಿಳಿಯದು. ಆದರೂ ಬರೆಯುತ್ತೇನೆ. ಇಷ್ಟು ವರ್ಷ ಏಕೆ ಬರೆಯಲಿಲ್ಲ ಎಂದು ವಿವರಿಸಲು ಹೊರಟರೆ ಅದು ಇನ್ನೊಂದು ಸುಳ್ಳಾದೀತು.

ಆಗ ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಸಂಸಾರಗಳಲ್ಲಿ ನಮ್ಮದೂ ಒಂದು. ನಮ್ಮ ಯಜಮಾನರು ಅಂಗಡಿ ನೋಡಿಕೊಳ್ಳುತ್ತಿದ್ದರು. ನಾನು ಹಿಂದಿನ ಕೊಟ್ಟಿಗೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದೆ. ನಿನ್ನ ಅವ್ವ ಲಕ್ಕಮ್ಮ ನನ್ನ ಜೊತೆ ಸೊಪ್ಪು ಅರೆಯಲು ಬರುತ್ತಿದ್ದಳು. ನಿನ್ನ ಅಪ್ಪ ನಂಜಪ್ಪ ಗಾಡಿ ಹೊಡೆಯುತ್ತಿದ್ದ. ಲಕ್ಕಮ್ಮನ ಕೂದಲು ಬಿಚ್ಚಿದರೆ ಮೊಣಕಾಲು ಮುಟ್ಟುತ್ತಿತ್ತು. ಅದು ನಮ್ಮ ಎಣ್ಣೆಯಿಂದ ಬೆಳೆದದ್ದಲ್ಲ, ಹುಟ್ಟಿನಿಂದ ಬಂದದ್ದು. ತಪ್ಪೊಪ್ಪಿಕೊಳ್ಳಲು ಕುಳಿತ ಮೇಲೆ ಅದನ್ನೂ ಹೇಳಿಬಿಡುತ್ತೇನೆ.

ಎಣ್ಣೆ ಬಾಟಲಿಗೆ ಅಂಟಿಸಲು ಒಂದು ಚಿತ್ರದ ಚೀಟಿ ಬೇಕು ಎಂದು ಹಟ ಹಿಡಿದವಳು ನಾನೇ. ಊರಿಗೆ ಫೋಟೋದವನು ಬಂದಿದ್ದ. ಲಕ್ಕಮ್ಮ ಸುತರಾಂ ಒಪ್ಪಲಿಲ್ಲ.

"ಬ್ಯಾಡ ಕಣಕ್ಕ. ಪೋಟ ಹಿಡಿಸ್ಕಂಡ್ರೆ ಆಯಸ್ಸು ಕಮ್ಮಿ ಆಯ್ತದಂತೆ."

"ಸುಮ್ನಿರೇ. ಹಂಗಾಗಿದ್ರೆ ಅವನು ಇಷ್ಟೊತ್ತಿಗೆ ಊರನ್ನೇ ಖಾಲಿ ಮಾಡಿರ್ತಿದ್ದ" ಎಂದು ನಕ್ಕೆ. ಒಂದು ಸೀರೆಯ ಆಸೆ ತೋರಿಸಿದೆ. ಕೊನೆಗೆ ಅವಳು ಕೂದಲು ಬಿಚ್ಚಿ, ಮೈ ಬಿಗಿಹಿಡಿದು ಮಣೆಯ ಮೇಲೆ ಕುಳಿತಳು. ನೀನು ಆಗ ಹಲ್ಲು ಬರುತ್ತಿದ್ದ ಕೂಸು, ನನ್ನ ಸೊಂಟದ ಮೇಲಿದ್ದೆ. ಅಲುಗಾಡಬೇಡ ಎಂದು ಅವನು ಹೇಳುತ್ತಿದ್ದಾಗಲೇ ನೀನು ಕಿಟಾರನೆ ಅತ್ತೆ. ಅವಳು ತಿರುಗಿ ನೋಡಿದಳು. ಅಷ್ಟರಲ್ಲಿ ಅವನು ಚಿತ್ರ ಹಿಡಿದುಬಿಟ್ಟಿದ್ದ. ಅರ್ಧ ಹೊರಳಿದ ಮುಖ, ತುಸು ತೆರೆದ ಬಾಯಿ, ಮತ್ತೆ ನಿನ್ನನ್ನು ಹುಡುಕುವ ಆ ಕಣ್ಣು. ಇನ್ನೊಂದು ತೆಗೆಯಲೇ ಎಂದು ಅವನು ಕೇಳಿದ. ಬೇಡ, ಇದೇ ಇರಲಿ ಎಂದೆ.

ಆ ಮಳೆಗಾಲ ಕಳೆಯುವುದರೊಳಗೆ ಚಳಿಜ್ವರದಲ್ಲಿ ಅವಳು ಹೋದಳು. ಹೊಳೆಯಾಚೆ ಮಣ್ಣು ಮಾಡಿ ಬಂದ ಮೇಲೆ ನಿನ್ನ ಅಪ್ಪ ಜಗುಲಿಯ ಕೆಳಗೆ ನಿಂತು, "ಆ ಪೋಟ ಕೊಡಿ ಅಕ್ಕ. ಸುಟ್ಬುಡ್ತೀನಿ. ಅವಳಿನ್ನೂ ಅದರೊಳಗೇ ಸಿಕ್ಕಾಕ್ಕೊಂಡವಳೆ" ಎಂದ. ಅವನ ಕಣ್ಣು ನೋಡಿ ನನಗೆ ಭಯವಾಯಿತು. ಮೈಸೂರಿನ ಪ್ರೆಸ್ಸಿಗೆ ಹೋಗಿದೆ, ಬಂದ ಮೇಲೆ ಕೊಡುತ್ತೇನೆ ಎಂದೆ. ಅವನು ಕಾಯಲಿಲ್ಲ. ನಿನ್ನನ್ನು ಎತ್ತಿಕೊಂಡು ತನ್ನ ಊರಿಗೆ ಹೊರಟುಹೋದ. ಚೀಟಿಗಳ ಕಟ್ಟು ಬಂದಾಗ ಅವನಿಗೆ ಹೇಳಿ ಕಳಿಸಬಹುದಿತ್ತು — ಕಳಿಸಲಿಲ್ಲ.

ಎಣ್ಣೆ ಓಡಿತು, ಗೌರಿ. ಗೋಣಿಕೊಪ್ಪಲು, ಸಿದ್ದಾಪುರ, ನಾಪೋಕ್ಲು — ಎಲ್ಲ ಕಡೆಯ ಅಂಗಡಿಗಳಲ್ಲೂ "ಆ ಹೆಂಗಸಿನ ಎಣ್ಣೆ" ಎಂದೇ ಕೇಳುತ್ತಿದ್ದರು. ಯಾವುದೋ ಎಸ್ಟೇಟಿನ ಕೂಲಿಗಳ ಲೈನುಮನೆಯಲ್ಲಿ ಚೀಟಿಯನ್ನು ಗೋಡೆಗೆ ಅಂಟಿಸಿ ಕುಂಕುಮ ಇಟ್ಟಿದ್ದನ್ನು ನಮ್ಮ ಯಜಮಾನರು ನೋಡಿ ಬಂದರು. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ.

ಅಷ್ಟರಲ್ಲಿ ವಿರಾಜಪೇಟೆಯ ವ್ಯಾಪಾರಿಯೊಬ್ಬ ನಮ್ಮ ಚೀಟಿಯನ್ನೇ ಹೋಲುವ ಚೀಟಿ ಹಚ್ಚಿ ಎಣ್ಣೆ ಮಾರತೊಡಗಿದ. ನಾವು ಮಡಿಕೇರಿಯ ವಕೀಲರ ಹತ್ತಿರ ಓಡಿದೆವು.

"ಮೊದ್ಲೆಲ್ಲ ಇಂಥಾದ್ದಕ್ಕೆ ಕೋರ್ಟಿಗೆ ಅಲೆದು ಅಲೆದು ಸಾಯ್ಬೇಕಿತ್ತಮ್ಮ" ಎಂದರು ವಕೀಲರು. "ಈಗ ಹೊಸ ಕಾನೂನು ಬಂದಿದೆ. ಈ ಚಿತ್ರಾನ ನಿಮ್ಮ ವ್ಯಾಪಾರದ ಮಾರ್ಕು ಅಂತ ರಿಜಿಸ್ಟರ್ ಮಾಡಿಸಿಬಿಟ್ರೆ ಅದು ನಿಮ್ಮದೇ. ಬೇರೆಯವರು ಮುಟ್ಟೋ ಹಾಗಿಲ್ಲ." ಆಮೇಲೆ ಚೀಟಿಯನ್ನು ಬೆಳಕಿಗೆ ಹಿಡಿದು ಕೇಳಿದರು: "ಇದು ನಿಜವಾಗ್ಲೂ ಇರೋರ ಚಿತ್ರವೋ? ಬದುಕಿದ್ರೆ ಅವರ ಒಪ್ಪಿಗೆ ಬೇಕಾಗುತ್ತೆ. ತೀರಿಕೊಂಡಿದ್ರೆ ಮನೆಯವರದ್ದು."

ನಮ್ಮ ಯಜಮಾನರು ನನ್ನ ಕಡೆ ನೋಡಿದರು. ನಂಜಪ್ಪ ಒಪ್ಪುವವನಲ್ಲ, ಚಿತ್ರ ಸುಡು ಎನ್ನುವವನು.

"ಯಾರದ್ದೂ ಅಲ್ಲ" ಎಂದೆ. "ಪ್ರೆಸ್ಸಿನೋರು ಬರೆದದ್ದು."

ಕಾಗದಪತ್ರ ಬೊಂಬಾಯಿಯ ರಿಜಿಸ್ಟರ್ ಕಚೇರಿಗೆ ಹೋಯಿತು. ಮಾರ್ಕನ್ನು ಅಲ್ಲಿ ಸರ್ಕಾರದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಯಾರಾದರೂ ಆಕ್ಷೇಪಣೆ ತರುತ್ತಾರೋ ಎಂದು ಕೆಲವು ತಿಂಗಳು ಕಾಯುತ್ತಾರಂತೆ. ಆಕ್ಷೇಪಿಸಬೇಕಾದವಳು ಹೊಳೆಯಾಚೆ ಮಲಗಿದ್ದಳು. ಆದರೂ ಆ ತಿಂಗಳುಗಳಲ್ಲಿ ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಗಬೇಡ. ಅಥವಾ ನಗು — ನನಗೇನು ಹಕ್ಕು.

ಯಾರೂ ಆಕ್ಷೇಪಿಸಲಿಲ್ಲ. ಮುಖ ನಮ್ಮದಾಯಿತು. ಅಲ್ಲಿಂದಲೇ ಅದು ಶುರುವಾದದ್ದು.

ಮೊದಲು ಕಣ್ಣು. ಪ್ರತಿ ಸಲ ಹೊಸ ಚೀಟಿ ಬಂದಾಗಲೂ ಅವಳು ಇನ್ನೂ ಸ್ವಲ್ಪ ಹೊರಳಿ ನೋಡಿದಂತೆ ಕಾಣುತ್ತಿತ್ತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ಗೆರೆಯಷ್ಟೂ ವ್ಯತ್ಯಾಸವಿಲ್ಲ. ಕಾನೂನಿನ ಪ್ರಕಾರ ಇರಲೂ ಕೂಡದು. ಹಳೆಯದನ್ನು ತೆಗೆದಿಟ್ಟ ಕೂಡಲೇ ಮತ್ತೆ ಹೊರಳುತ್ತಿದ್ದಳು. ಬಾಟಲಿಗಳನ್ನು ಗೋಡೆಯ ಕಡೆ ಮುಖ ಮಾಡಿ ಜೋಡಿಸತೊಡಗಿದೆ. ಹಿಂದುಮುಂದಾಗಿ ಇಟ್ಟರೆ ಗಿರಾಕಿಗೆ ಏನು ಕಾಣುತ್ತೆ ಎಂದು ಯಜಮಾನರು ಬೈದು ತಿರುಗಿಸಿಡುತ್ತಿದ್ದರು. ಅವರೇ ತಿರುಗಿಸುತ್ತಿದ್ದರು — ಹಾಗೆಂದುಕೊಂಡಿದ್ದೇನೆ. ಅವರು ಬೇರೆ ಊರಿಗೆ ಹೋದ ದಿನಗಳ ವಿಚಾರ ಈಗ ಬೇಡ.

ಆಮೇಲೆ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಲಕ್ಕಮ್ಮನ ಜೊತೆ ನೀರು ಸೇದಿದ, ಜಗಳವಾಡಿದ, ಫೋಟೋ ಹಿಡಿಸಿಕೊಂಡಳೆಂದು ಗೇಲಿ ಮಾಡಿದ ನೆರೆಯ ಹೆಂಗಸರೇ ಚೀಟಿ ನೋಡಿ ಅವಳನ್ನು ಗುರುತಿಸದಾದರು. ಒಬ್ಬಳನ್ನು ನಾನೇ ಪರೀಕ್ಷಿಸಿದೆ. "ಇದು ನಮ್ ಲಕ್ಕಮ್ಮನ ಥರ ಇಲ್ವಾ?" ಎಂದೆ. ಅವಳು ಬಾಟಲಿಯನ್ನು ಹತ್ತಿರಕ್ಕೆ ಹಿಡಿದು ನೋಡಿ, "ಛೆ, ಅವಳೆಲ್ಲಿ ಹಿಂಗಿದ್ಲು?" ಎಂದು ಕೆಳಗಿಟ್ಟಳು. ಹಾಗಾದರೆ ಹೇಗಿದ್ದಳು ಎಂದೆ. ಅವಳು ಯೋಚಿಸಿದಳು, ಬಹಳ ಹೊತ್ತು ಯೋಚಿಸಿದಳು, ಆಮೇಲೆ ಹಾಲು ಉಕ್ಕುತ್ತದೆ ಎಂದು ಮನೆಗೆ ಹೋದಳು. ನಾನು ಕಣ್ಣು ಮುಚ್ಚಿ ನೆನೆದರೆ ನನಗೂ ಚೀಟಿಯೇ ಕಾಣುತ್ತಿತ್ತು. ಯಾರದ್ದೂ ಅಲ್ಲ ಎಂದಿದ್ದೆನಲ್ಲ — ಹಾಗೇ ಆಗಿಹೋಗಿತ್ತು.

ನೀನು ಬಂದದ್ದು ಆ ಕಾಲದಲ್ಲಿ. ಕೊಡಗು ಮೈಸೂರಿಗೆ ಸೇರುತ್ತದೆ ಎಂಬ ಮಾತು ಅಂಗಡಿಯಲ್ಲಿ ದಿನವೂ ನಡೆಯುತ್ತಿತ್ತು. ನಿನ್ನ ಚಿಕ್ಕವ್ವ ಕೈಹಿಡಿದು ಕರೆತಂದಿದ್ದಳು. ನಂಜಪ್ಪನ ಎರಡನೆಯ ಹೆಂಡತಿ ಎಂದು ಅವಳೇ ಹೇಳಿದಳು. ಒಳ್ಳೆಯ ಹೆಂಗಸು, ಸವತಿಯ ಮಗಳಿಗಾಗಿ ಬಸ್ಸು ಹತ್ತಿ ಅಷ್ಟು ದೂರ ಬಂದಿದ್ದಳು.

"ಇವಳಪ್ಪ ಹೋಗ್ಬುಟ್ರು ತಾಯಿ. ಇವಳವ್ವನ್ನ ಕಂಡೋರು ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ. ಮಗ ರಾತ್ರಿಯೆಲ್ಲಾ ಕೇಳ್ತದೆ, ಅವ್ವ ಹೆಂಗಿದ್ಲು ಅಂತ. ನಿಮ್ಮತ್ರ ಒಂದು ಪೋಟ ಐತೆ ಅಂತಿದ್ರು."

ಸೀಗೆಕಾಯಿ ಚೀಲದ ಪಕ್ಕ ನಿಂತು ನೀನು ಬಾಟಲಿಗಳ ಸಾಲನ್ನು ನೋಡುತ್ತಿದ್ದೆ. ಬಾಯಿ ತುಸು ತೆರೆದಿತ್ತು. ಆಗ ವಿರಾಜಪೇಟೆಯವನ ಮೇಲೆ ನಮ್ಮ ದಾವೆ ನಡೆಯುತ್ತಿತ್ತು. ಸುಳ್ಳು ಹೇಳಿ ರಿಜಿಸ್ಟರ್ ಮಾಡಿಸಿದ್ದೆಂದು ಹೊರಬಿದ್ದರೆ ಮಾರ್ಕೇ ರದ್ದಾಗುತ್ತದೆ ಎಂದು ವಕೀಲರು ಎಚ್ಚರಿಸಿದ್ದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು.

"ಇದು ನಮ್ಮವ್ವನಾ?" ಎಂದು ನೀನು ಕೇಳಿದೆ.

"ಅಲ್ಲ ಮಗ. ಅದು ಯಾರೂ ಅಲ್ಲ."

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. "ಹಂಗಾರೆ ನಮ್ಮವ್ವ ಹೆಂಗಿದ್ಲು?" ಎಂದೆ ನೀನು. ಚಿತ್ರವನ್ನು ಬಿಟ್ಟು ಬೇರೊಂದು ಮುಖ ನನ್ನ ಬಳಿ ಇರಲಿಲ್ಲ. ಆದ್ದರಿಂದ ಒಂದನ್ನು ಕಟ್ಟಿ ಕೊಟ್ಟೆ. ಗುಂಡು ಮುಖ ಎಂದೆ. ಸಣ್ಣ ಕಣ್ಣು, ಮೊಂಡು ಮೂಗು, ಗಲ್ಲದ ಮೇಲೊಂದು ಮಚ್ಚೆ. ನೀನು ಒಂದೊಂದಕ್ಕೂ ತಲೆಯಾಡಿಸಿದೆ, ಪಾಠ ಒಪ್ಪಿಸುವವಳಂತೆ ಮೆಲ್ಲಗೆ ಹೇಳಿಕೊಂಡೆ. ನಿನ್ನ ಮುಖದಲ್ಲಿ ಸಮಾಧಾನ ಕಂಡಿತು. 

ಹೊರಡುವಾಗ ನಿನಗೊಂದು ಬಾಟಲಿ ಕೊಡಲು ಹೋದೆ. ನೀನು ಚಿಕ್ಕವ್ವನ ಸೆರಗಿನ ಹಿಂದೆ ಸರಿದೆ.

"ಬ್ಯಾಡ. ಅವಳು ನನ್ನೇ ನೋಡ್ತಾವ್ಳೆ."

"ಹೆದರ್ಕೊಂಡದೆ ಮಗ" ಎಂದಳು ನಿನ್ನ ಚಿಕ್ಕವ್ವ, ಸಂಕೋಚದಿಂದ. "ಆ ಚೀಟಿ ಕಿತ್ತಾಕಿ ಕೊಡಿ ತಾಯಿ."

ಕಿತ್ತೆ. ಒದ್ದೆ ಬಟ್ಟೆಯಲ್ಲಿ ನೆನೆಸಿ, ಹೆಬ್ಬೆರಳಿನಿಂದ ಉಜ್ಜಿ, ನಿನ್ನ ಕಣ್ಣೆದುರೇ ನಿನ್ನ ಅವ್ವನನ್ನು ಕಿತ್ತು ತೆಗೆದೆ. ನೀನು ಆಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ.

ದಾವೆ ಗೆದ್ದೆವು. ಯಜಮಾನರು ತೀರಿಕೊಂಡ ಮೇಲೆ ಎಣ್ಣೆ ಕಾಯಿಸುವುದನ್ನು ಬಿಟ್ಟೆ. ಮಾರ್ಕಿನ ಅವಧಿ ಮುಗಿಯುತ್ತಿದೆ, ಮುಂದುವರಿಸಬೇಕೇ ಎಂದು ವಕೀಲರ ಕಚೇರಿಯಿಂದ ಕೇಳಿದರು, ಬೇಡವೆಂದೆ. ಕಾನೂನು ಆ ಮುಖವನ್ನು ಬಿಟ್ಟುಕೊಟ್ಟಿತು. ಅದರಿಂದ ನಿನಗೇನೂ ಬರಲಿಲ್ಲ. ನಿನ್ನ ಊರಿಗೆ ಹೋಗಿ ವಿಚಾರಿಸಿದೆ. ನಿನ್ನನ್ನು ಮದುವೆ ಮಾಡಿ ಕೊಟ್ಟಿದ್ದರು, ಚಿಕ್ಕವ್ವ ಬದುಕಿರಲಿಲ್ಲ, ಎಲ್ಲಿಗೆ ಕೊಟ್ಟರೆಂದು ಸರಿಯಾಗಿ ಹೇಳುವವರು ಸಿಗಲಿಲ್ಲ. ಯಾವುದೋ ಜಾತ್ರೆಯಲ್ಲಿ ನಿನ್ನನ್ನು ಕಂಡಿದ್ದ ಒಬ್ಬ ಮುದುಕಿ ಮಾತ್ರ, ನೀನು ನಿನ್ನ ಮಕ್ಕಳಿಗೆ ಅವರ ಅಜ್ಜಿ ಹೇಗಿದ್ದಳೆಂದು ಬಾಯಿಪಾಠ ಹೇಳಿಕೊಡುತ್ತೀಯಂತೆ ಎಂದಳು. ಮಚ್ಚೆಯ ಸಮೇತ.

ಅದನ್ನು ಕೇಳಿ ಬಂದ ಮೇಲೆ ಇದನ್ನು ಬರೆಯಲು ಕುಳಿತೆ. ನಿನ್ನ ಅವ್ವನದು ಗುಂಡು ಮುಖವಲ್ಲ, ಗೌರಿ. ಮಕ್ಕಳಿಗೆ ಹಾಗೆ ಹೇಳಬೇಡ.